ಕ್ಲೀನರ್ ಇಲ್ಲದ ಗಾಡಿ

ನಾನು ಗಾಡಿ ಹೊಡೆಯುವುದನ್ನು ಎರಡು ಸಲ ಕಲಿತವನು. ಮೊದಲ ಸಲ ಕಲಿತಾಗ ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಎರಡನೆಯ ಸಲ ಕಲಿಯುವಾಗ ಆ ಮೀಸೆ ಬೆಳ್ಳಗಾಗತೊಡಗಿತ್ತು. ಮೊದಲನೆಯದು ಹುಬ್ಬಳ್ಳಿಯಲ್ಲಿ, ಎರಡನೆಯದು ಜರ್ಮನಿಯ ಯೇನಾ ಎಂಬ ಊರಿನಲ್ಲಿ. ಇವೆರಡರ ನಡುವೆ ನಾನು ಒಂಬತ್ತು ಲಾರಿಗಳ ಮಾಲೀಕನಾಗಿದ್ದೆ. ಜಂಬಕ್ಕೆ ಹೇಳುತ್ತಿದ್ದಾನೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಸ್ವಲ್ಪ ಜಂಬವೂ ಇದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಘಾಟಿನಲ್ಲಿ ಲಾರಿಯ ಗಾಲಿಗೆ ಕಲ್ಲು ಇಡುವ ಕ್ಲೀನರ್ ಆಗಿ ಶುರು ಮಾಡಿ, ಸ್ಟೇರಿಂಗ್ ಹಿಡಿದು, ಕೊನೆಗೆ ನನ್ನದೇ ಟ್ರಾನ್ಸ್‌ಪೋರ್ಟ್ ಆಫೀಸಿನ ಖುರ್ಚಿಯಲ್ಲಿ ಕುಳಿತವನಿಗೆ ಅಷ್ಟು ಜಂಬ ಸಲ್ಲುತ್ತದೆ.

ಆ ಖುರ್ಚಿಯನ್ನು ಬಿಟ್ಟು ಬಂದದ್ದೇಕೆ ಎಂದು ಜನ ಬಹಳ ಕೇಳಿದರು. ಲುಕ್ಸಾನು ಆಯಿತೇ, ತಮ್ಮನ ಜೊತೆ ಜಗಳವೇ, ಆರೋಗ್ಯ ಸರಿ ಇಲ್ಲವೇ ಎಂದೆಲ್ಲ. ಯಾವುದೂ ಅಲ್ಲ. ಮದುವೆಯಾದಾಗ ನನ್ನ ಹೆಂಡತಿ ಪಿಯುಸಿ ಮುಗಿಸಿದ್ದಳು. ಆಮೇಲೆ ಇಂಜಿನಿಯರಿಂಗ್ ಓದಿದಳು. ನಾನು ಓದಿಸಿದೆ ಎಂದು ನಮ್ಮ ಕಡೆಯವರು ಹೇಳುತ್ತಾರೆ. ನಾನು ಕಟ್ಟಿದ್ದು ಫೀ, ಓದಿದ್ದು ಅವಳೇ. ಅವಳು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಹೊತ್ತಿಗೆ ಜರ್ಮನಿಯವರು ಗ್ರೀನ್ ಕಾರ್ಡ್ ಎಂಬ ಐದು ವರ್ಷದ ಪರವಾನಗಿ ಕೊಟ್ಟು ಕಂಪ್ಯೂಟರ್ ಬಲ್ಲವರನ್ನು ಕರೆಸಿಕೊಳ್ಳತೊಡಗಿದರು. ಅವಳು ಅರ್ಜಿ ಹಾಕಿದಳು. ಯೇನಾದ ಸಣ್ಣ ಕಂಪನಿಯೊಂದು ಬಾ ಎಂದಿತು.

"ನೀವು ಬರೂದ್ ಬ್ಯಾಡ್ರಿ. ಐದು ವರ್ಷದ್ದು ಮಾತು. ನಾ ಹೋಗಿ ಬರ್ತೀನಿ" ಎಂದಳು.

"ಐದು ವರ್ಷ ಇಬ್ಬರೂ ಎರಡು ಕಡೆ ಅಡಿಗಿ ಮಾಡ್ಕೊಂಡು ಉಣ್ಣೂದೇನು?" ಎಂದೆ.

ಮಕ್ಕಳಿಲ್ಲದ ನಮಗೆ ಮನೆ ಎಂದರೆ ಇಬ್ಬರೂ ಇರುವ ಜಾಗ, ಅಷ್ಟೇ. ಇನ್ನೊಂದು ಕಾರಣವೂ ಇತ್ತು, ಅದನ್ನು ಅವಳಿಗೂ ಆಗ ಹೇಳಲಿಲ್ಲ. ಬೆಳಿಗ್ಗೆ ಆಫೀಸಿನ ಫೋನು ರಿಂಗಾದರೆ ಯಾವ ಗಾಡಿ ಎಲ್ಲಿ ಕೆಟ್ಟು ನಿಂತಿದೆ, ಯಾವ ಡ್ರೈವರ್ ಏನು ನೆಪ ಹೇಳುತ್ತಾನೆ ಎಂದು ಎತ್ತುವ ಮೊದಲೇ ಹೇಳಬಲ್ಲವನಾಗಿದ್ದೆ. ಬಹುತೇಕ ಸರಿಯಾಗಿಯೂ ಇರುತ್ತಿತ್ತು. ಮೊದಲು ಅದು ನನ್ನ ಜಾಣತನ ಎನಿಸುತ್ತಿತ್ತು. ಕೊನೆಕೊನೆಗೆ ಅದೇ ಬೇಸರ ತರಿಸತೊಡಗಿತು. ಮುಂದಿನ ತಿರುವಿನಾಚೆ ಏನಿದೆ ಎಂದು ಗೊತ್ತಿಲ್ಲದ ರಸ್ತೆಯನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು.

ತಮ್ಮನನ್ನು ಕೂರಿಸಿಕೊಂಡು ಹೇಳಿದೆ: "ಒಂದು ವರ್ಷದ ಮ್ಯಾಲೆ ಬರೂ ದೀಪಾವಳಿ ತನಕ ನೋಡ್ಕೋ. ಅಷ್ಟೊತ್ತಿಗೆ ಖುರ್ಚಿ ನಂದೋ ನಿಂದೋ ಹೇಳ್ತೀನಿ."

ನಮ್ಮಲ್ಲಿ ದೀಪಾವಳಿಯ ಲಕ್ಷ್ಮೀಪೂಜೆ ಆಫೀಸಿನಲ್ಲೇ ನಡೆಯುತ್ತದೆ. ಆ ದಿನ ಪೂಜೆಗೆ ಯಾರು ಕೂಡುತ್ತಾರೋ ಅವರೇ ಯಜಮಾನರು. ಡ್ರೈವರುಗಳು, ಹಮಾಲರು, ಗೋದಾಮಿನವರು ಎಲ್ಲರೂ ಅದನ್ನು ನೋಡಿಯೇ ತಿಳಿದುಕೊಳ್ಳುತ್ತಾರೆ. ಬಾಯಿಬಿಟ್ಟು ಯಾರೂ ಹೇಳಬೇಕಾಗಿಲ್ಲ.

ಯೇನಾಕ್ಕೆ ಬಂದ ಮೊದಲ ವರ್ಷ ನನಗೆ ಕೆಲಸ ಮಾಡುವ ಪರವಾನಗಿಯೇ ಇರಲಿಲ್ಲ. ಗ್ರೀನ್ ಕಾರ್ಡಿನವರ ಗಂಡನೋ ಹೆಂಡತಿಯೋ ಅಷ್ಟು ಕಾಲ ಕಾಯಬೇಕಿತ್ತು. ಅವಳು ಬೆಳಿಗ್ಗೆ ಟ್ರಾಮ್ ಹತ್ತಿ ಹೋದ ಮೇಲೆ ನಾನು ಊರು ನೋಡಲು ಹೊರಡುತ್ತಿದ್ದೆ. ಎರಡೂ ಬದಿ ಗುಡ್ಡ, ನಡುವೆ ನದಿ, ನದಿಯ ಉದ್ದಕ್ಕೂ ಊರು. ಉಳಿದವರು ಚರ್ಚು, ಕೋಟೆ ನೋಡುತ್ತಿದ್ದರು. ನಾನು ನೋಡುತ್ತಿದ್ದುದು ರಸ್ತೆಯನ್ನು. ಸೇತುವೆಯ ಹತ್ತಿರದ ಕೂಡುರಸ್ತೆಯಲ್ಲಿ ಒಂದು ಬೆಂಚು ಇತ್ತು. ಅಲ್ಲಿ ಕುಳಿತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಕಾರು, ಟ್ರಾಮ್, ಸೈಕಲ್ಲು, ಕೋಲೂರಿಕೊಂಡು ಹೋಗುವ ಅಜ್ಜಿ, ಎಲ್ಲರೂ ಒಂದೇ ಕಡೆ ಬಂದು ಸೇರುತ್ತಿದ್ದರು, ಒಂದು ಹಾರ್ನ್ ಸದ್ದಿಲ್ಲದೆ ಬೇರೆಯಾಗುತ್ತಿದ್ದರು. ಇವರು ಒಬ್ಬರಿಗೊಬ್ಬರು ಹೇಳುವುದು ಹೇಗೆ? ನಮ್ಮಲ್ಲಿ ಹಾರ್ನ್ ಎಂದರೆ ಬೈಗುಳವಲ್ಲ, ಮಾತು. ನಾ ಬಂದೆ, ನೀ ಸರಿ, ಹೋಗು ಮಾರಾಯ, ನಮಸ್ಕಾರ, ಎಲ್ಲವನ್ನೂ ಅದರಲ್ಲೇ ಹೇಳುತ್ತೇವೆ. ಇಲ್ಲಿ ಬೆಂಚಿನ ಮೇಲೆ ಕುಳಿತು ಕುಳಿತು ನನಗೆ ಹೊಳೆದದ್ದು ಇಷ್ಟು: ಇವರು ಹೇಳುವುದೇ ಇಲ್ಲ. ಹೇಳಬೇಕಾದ್ದನ್ನೆಲ್ಲ ಯಾರೋ ಮೊದಲೇ ಹೇಳಿ ಮುಗಿಸಿದ್ದಾರೆ.

ನಾವಿದ್ದ ಬಹುಮಹಡಿ ಕಟ್ಟಡಕ್ಕೆ ದಿನವೂ ಮಧ್ಯಾಹ್ನದ ಹೊತ್ತಿಗೆ ಒಬ್ಬ ಮನುಷ್ಯ ಚಿಕ್ಕ ಕಾರಿನಲ್ಲಿ ಬರುತ್ತಿದ್ದ. ಹಿಂದಿನ ಬಾಗಿಲು ತೆಗೆದು ದಪ್ಪನೆಯ ಡಬ್ಬಿಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದ, ಖಾಲಿ ಡಬ್ಬಿಗಳೊಂದಿಗೆ ಹೊರಗೆ ಬರುತ್ತಿದ್ದ. ಡಬ್ಬಿಯೊಳಗೆ ಏನಿದೆ ಎಂಬ ಕುತೂಹಲ ತಡೆಯಲಾಗದೆ ಒಂದು ದಿನ ಲಿಫ್ಟಿನಲ್ಲಿ ನನ್ನ ಅರೆಬರೆ ಜರ್ಮನ್‌ನಲ್ಲಿ ಕೇಳಿಯೇಬಿಟ್ಟೆ. ಅವನು ಮುಚ್ಚಳ ತೆಗೆದು ತೋರಿಸಿದ. ಆಲೂಗಡ್ಡೆ, ಕೆಂಪು ಕೋಸಿನ ಪಲ್ಯ, ಮೇಲೆ ಎಂಥದೋ ಸಾರು, ಹಬೆಯಾಡುತ್ತಿತ್ತು. ಮನೆಯಲ್ಲಿ ಅಡಿಗೆ ಮಾಡಿಕೊಳ್ಳಲಾಗದ ವಯಸ್ಸಾದವರಿಗೆ ಊಟ. ಆರಿ ಹೋಗುವ ಮೊದಲು ಎಲ್ಲ ಮನೆಗೂ ತಲುಪಬೇಕು.

"ಎಷ್ಟು ಮನೆಗೆ?" ಎಂದೆ.

"ಒಂದು ಸುತ್ತಿಗೆ ಮೂವತ್ತರ ಹತ್ತಿರ. ನಾನು ಈ ತಿಂಗಳು ನಿವೃತ್ತಿ. ನಿಮಗೆ ಬೇಕಾದರೆ ಆಫೀಸಿನಲ್ಲಿ ಕೇಳಿ" ಎಂದು ತಮಾಷೆಗೆ ಎಂಬಂತೆ ಹೇಳಿ ಮೂರನೇ ಮಹಡಿಯಲ್ಲಿ ಇಳಿದು ಹೋದ.

ನಾನು ಕೇಳಿದೆ. ಅಷ್ಟು ಹೊತ್ತಿಗೆ ನನ್ನ ಕೆಲಸದ ಪರವಾನಗಿ ಕೈಗೆ ಬಂದಿತ್ತು. ಆಫೀಸಿನ ಹೆಂಗಸು ನನ್ನ ಹಿಂದಿನ ಕೆಲಸವನ್ನು ವಿಚಾರಿಸಲಿಲ್ಲ. ಒಂಬತ್ತು ಲಾರಿಗಳ ವಿಷಯ ನಾಲಿಗೆಯ ತುದಿಯಲ್ಲಿತ್ತು, ಹೇಳಲು ಎಡೆಯೇ ಸಿಗಲಿಲ್ಲ. ಅವಳಿಗೆ ಬೇಕಾಗಿದ್ದುದು ಎರಡೇ: ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರುತ್ತೀರಾ, ಜರ್ಮನ್ ಲೈಸೆನ್ಸ್ ಇದೆಯಾ. ನಮ್ಮ ದೇಶದ ಲೈಸೆನ್ಸು ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ, ನನ್ನದು ಎಂದೋ ಸತ್ತು ಹೋಗಿತ್ತು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಜಾಗ ನಿಮ್ಮದು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದಳು.

ಆ ತಿಂಗಳು ಮುಗಿದು ಕೆಲವೇ ದಿನಕ್ಕೆ ದೀಪಾವಳಿ. ಹೀಗೆ ನನ್ನ ಎರಡು ಗಡುವುಗಳು ಅಕ್ಕಪಕ್ಕ ಬಂದು ಕುಳಿತವು. ಕೆಲಸವಿಲ್ಲದೆ ಹೆಂಡತಿಯ ಸಂಬಳದಲ್ಲಿ ಇನ್ನೊಂದು ವರ್ಷ ಬೆಂಚಿನ ಮೇಲೆ ಕೂರುವುದು ನನ್ನಿಂದಾಗದ ಮಾತು. ಲೈಸೆನ್ಸ್ ಸಿಗದಿದ್ದರೆ ಹುಬ್ಬಳ್ಳಿಗೆ ಹೋಗುತ್ತೇನೆ, ಒಬ್ಬನೇ. ಇದನ್ನು ಹೆಂಡತಿಗೆ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು.

"ನಲವತ್ನಾಲ್ಕು ವರ್ಷದ ಮನಷ್ಯಾ ಡ್ರೈವಿಂಗ್ ಟೆಸ್ಟ್ ಮ್ಯಾಲೆ ಸಂಸಾರ ಇಟ್ಟೀರಲ್ರೀ" ಎಂದಳು.

"ಅದ್ರಾಗ ಫೇಲ್ ಆಗ್ತೀನಿ ಅಂತ ಯಾರಂದ್ರು?" ಎಂದೆ.

ಮೊದಲು ಬರೆಯುವ ಪರೀಕ್ಷೆ. ಇಂಗ್ಲಿಷಿನಲ್ಲಿ ಬರೆಯಬಹುದಿತ್ತು, ಆದರೆ ನನ್ನ ಇಂಗ್ಲಿಷು ಲಾರಿಯ ಹಿಂಬದಿಯ ಬರಹದಷ್ಟೇ. ಸಂಜೆ ಅವಳು ಇಂಗ್ಲಿಷ್ ಪ್ರಶ್ನೆ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು, ನಾನು ಬಾಯಿಪಾಠ ಮಾಡುತ್ತಿದ್ದೆ. ಒಂದು ಪ್ರಶ್ನೆಗೆ ಒಂದೇ ಸರಿ ಉತ್ತರ ಇರಬೇಕೆಂದೇನೂ ಇರಲಿಲ್ಲ. ಎರಡು ಇರಬಹುದು, ಮೂರೂ ಇರಬಹುದು. ಏಳನೇ ಇಯತ್ತೆಯವರೆಗೆ ನಾನು ಕಂಡ ಶಾಲೆಯಲ್ಲಿ ಹೀಗಿರಲಿಲ್ಲ. ನನಗೆ ಇದು ಬಹಳ ಹಿಡಿಸಿತು.

"ರಸ್ತೆಗೆ ಚೆಂಡು ಉರುಳಿ ಬಂತು. ಏನು ತಿಳ್ಕೋಬೇಕು?"

"ಚೆಂಡಿನ ಹಿಂದ ಹುಡುಗ ಬರ್ತಾನ. ಹುಡುಗನ ಹಿಂದ ಅವರವ್ವ ಬರ್ತಾಳ."

"ಅವ್ವ ಉತ್ತರದಾಗ ಇಲ್ರೀ."

"ಹಂಗಾದ್ರ ಬರದವರಿಗೆ ಗೊತ್ತಿಲ್ಲ. ಅವ್ವ ಬಂದ ಬರ್ತಾಳ."

ಬರೆಯುವ ಪರೀಕ್ಷೆ ಪಾಸಾಯಿತು. ಆ ದಿನ ಅವಳು ಶಿರಾ ಮಾಡಿದಳು.

ಗಾಡಿ ಹೊಡೆಸುವ ಮಾಸ್ತರರು ನನಗಿಂತ ಹತ್ತು-ಹನ್ನೆರಡು ವರ್ಷ ದೊಡ್ಡವರು. ಸಣಕಲು ಮೈ, ದಪ್ಪ ಕನ್ನಡಕ. ಅವರಿಗೆ ಇಂಗ್ಲಿಷ್ ಬಾರದು, ಪೂರ್ವ ಜರ್ಮನಿಯ ಕಾಲದ ಅವರ ಶಾಲೆಯಲ್ಲಿ ಕಲಿಸಿದ್ದು ರಷ್ಯನ್. ಹಾಗಾಗಿ ನಮ್ಮಿಬ್ಬರ ನಡುವೆ ಇದ್ದುದು ನನ್ನ ಹರಕು ಜರ್ಮನ್ ಒಂದೇ. ಅವರ ಮಾತನ್ನು ಇಲ್ಲಿ ನನಗೆ ತಿಳಿದಂತೆ ಬರೆಯುತ್ತಿದ್ದೇನೆ. ಮೊದಲ ದಿನ ಗುಡ್ಡದ ಮೇಲಿನ ಕಡಿದಾದ ಓಣಿಗೆ ಕರೆದೊಯ್ದು ಅರ್ಧ ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಲು ಹೇಳಿದರು. ಅರಬೈಲ್ ಘಾಟಿನಲ್ಲಿ ತುಂಬಿದ ಲಾರಿಯನ್ನು ನಿಲ್ಲಿಸಿ ಎತ್ತಿದವನಿಗೆ ಅದೆಷ್ಟರದು! ಕಾರು ಒಂದು ಬೆರಳಿನಷ್ಟೂ ಹಿಂದೆ ಜಾರಲಿಲ್ಲ. ಮೆಚ್ಚುಗೆಯ ಮಾತಿಗೆ ಕಾದೆ.

"ಕೈ ಚೆನ್ನಾಗಿದೆ. ಕಾಲು ಚೆನ್ನಾಗಿದೆ. ಕುತ್ತಿಗೆ ಇಲ್ಲ" ಎಂದರು.

ನನಗೆ ತಿಳಿಯಲಿಲ್ಲ. ಅವರು ತಮ್ಮ ಭುಜದ ಮೇಲಿಂದ ಹಿಂದಕ್ಕೆ ಹೊರಳಿ ನೋಡಿ ತೋರಿಸಿದರು. ಕನ್ನಡಿಯಲ್ಲಿ ನೋಡಿದರೆ ಸಾಲದು, ಕನ್ನಡಿಗೆ ಕಾಣದ ಮೂಲೆಯೊಂದಿರುತ್ತದೆ, ತಿರುಗುವ ಮೊದಲು ತಲೆ ಹೊರಳಿಸಿ ಆ ಮೂಲೆಯನ್ನು ಕಣ್ಣಾರೆ ನೋಡಬೇಕು. ಅದಕ್ಕೆ ಅವರಲ್ಲಿ 'ಶುಲ್ಟರ್‌ಬ್ಲಿಕ್' ಎನ್ನುತ್ತಾರೆ, ಭುಜದ ನೋಟ. ಸರಿ ಎಂದೆ. ಎರಡು ತಿರುವು ನೋಡಿದೆ, ಮೂರನೆಯದಕ್ಕೆ ಮರೆತೆ. ಅವರು ಕೆಮ್ಮಿದರು. ಮತ್ತೆ ನೋಡಿದೆ, ಮತ್ತೆ ಮರೆತೆ. ಇದು ವಿಚಿತ್ರ. ನಾನು ಮರೆಗುಳಿಯಲ್ಲ. ಒಂಬತ್ತು ಗಾಡಿಗಳ ಯಾವ ಟಯರ್ ಯಾವಾಗ ಬದಲಾಯಿಸಿದ್ದು ಎಂಬುದನ್ನು ತಲೆಯಲ್ಲೇ ಇಟ್ಟುಕೊಂಡಿದ್ದವನು. ಅದರಲ್ಲೂ ಎಡಗಡೆ ತಿರುಗುವಾಗ ಮರೆಯುತ್ತಿರಲಿಲ್ಲ, ಬಲಗಡೆ ಮಾತ್ರ ಮರೆಯುತ್ತಿದ್ದೆ.

ಮಾಸ್ತರರ ಬಗ್ಗೆಯೂ ನನಗೆ ಕುತೂಹಲ. ಅವರು ಕಾರಿನ ಕಿಟಕಿಯ ಗಾಜನ್ನು ಒರೆಸುವ ರೀತಿಯೇ ಬೇರೆ ಇತ್ತು. ಉಸಿರು ಹಾಕಿ, ಮೆತ್ತನೆಯ ಬಟ್ಟೆಯಿಂದ ಸುತ್ತಿ ಸುತ್ತಿ ಒರೆಸಿ, ಓರೆಯಾಗಿ ಬೆಳಕಿಗೆ ಹಿಡಿದಂತೆ ನೋಡುತ್ತಿದ್ದರು. ಒಂದು ದಿನ ಕೇಳಿದೆ. ಊರಿನ ದೊಡ್ಡ ಕಾರ್ಖಾನೆಯಲ್ಲಿ ಮಸೂರ ಉಜ್ಜುವ ಕೆಲಸದಲ್ಲಿದ್ದರಂತೆ. ಗೋಡೆ ಬಿದ್ದು ಎರಡು ಜರ್ಮನಿ ಒಂದಾದ ಮೇಲೆ ಆ ಕೆಲಸ ಹೋಯಿತು.

"ಬೇಜಾರಾಗಲಿಲ್ಲವೇ?"

"ಮೊದಲ ವರ್ಷ ಕಾರು ಹತ್ತಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ, ನಾನು ನಿಜವಾಗಿ ಮಸೂರದ ಮನುಷ್ಯ ಅಂತ. ಅವರಿಗೆ ಕಾರು ಕಲಿಯುವುದಿತ್ತು. ಯಾರೂ ಕೇಳಿಸಿಕೊಳ್ಳಲಿಲ್ಲ."

"ಆಮೇಲೆ?"

"ಆಮೇಲೆ ಮುಂದಿನ ಸಿಗ್ನಲ್‌ನಲ್ಲಿ ಬಲಕ್ಕೆ. ಕುತ್ತಿಗೆ!"

ಪರೀಕ್ಷೆಯ ದಿನ ನದಿಯ ಮೇಲೆ ಮಂಜು ಇತ್ತು. ಇಲ್ಲಿ ಪರೀಕ್ಷೆಯಲ್ಲಿ ಮಾಸ್ತರರು ಮುಂದೆ ನಮ್ಮ ಪಕ್ಕದಲ್ಲೇ ಕೂಡುತ್ತಾರೆ, ಅವರ ಕಾಲ ಬಳಿಯೂ ಬ್ರೇಕ್ ಇರುತ್ತದೆ. ಪರೀಕ್ಷಕರು ಹಿಂದಿನ ಸೀಟಿನಲ್ಲಿ. ಮಾಸ್ತರರು ಬ್ರೇಕ್ ಮುಟ್ಟಿದರೆ ಮುಗಿಯಿತು. ಟ್ರಾಮ್ ಹಳಿ ದಾಟಿದೆ, ಸಣ್ಣ ಓಣಿಗಳಲ್ಲಿ ಬಲದಿಂದ ಬಂದವರಿಗೆ ದಾರಿ ಬಿಟ್ಟೆ, ಎರಡು ಕಾರುಗಳ ನಡುವೆ ಒಂದೇ ಏಟಿಗೆ ನಿಲ್ಲಿಸಿದೆ. ಹಿಂದೆ ಪರೀಕ್ಷಕರು ಮಾಸ್ತರರ ಜೊತೆ ಟೊಮೇಟೊ ಗಿಡಕ್ಕೆ ಬಂದ ರೋಗದ ಬಗ್ಗೆ ಮಾತಾಡುತ್ತಿದ್ದರು. ಅವರು ಹರಟೆಗಿಳಿದರೆ ಪಾಸಾದ ಹಾಗೆ ಎಂದು ಕೇಳಿದ್ದೆ. ಮನಸ್ಸು ಹಗುರಾಯಿತು.

ಸೇತುವೆಯ ಹತ್ತಿರದ ಕೂಡುರಸ್ತೆ ಬಂತು, ಪರೀಕ್ಷಕರು ಬಲಕ್ಕೆ ಎಂದರು. ದೀಪ ಹಸಿರಾಯಿತು. ಸ್ಟೇರಿಂಗ್ ತಿರುವಿದೆ. ಕಾರು ತಾನೇ ಗಕ್ಕನೆ ನಿಂತಿತು. ಬಾನೆಟ್ಟಿನ ಮುಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ, ಸೈಕಲ್ಲಿನ ಮೇಲೆ ಒಬ್ಬ ಹೆಂಗಸು. ಅವಳು ನನ್ನನ್ನು ನೋಡಲೂ ಇಲ್ಲ, ನೇರ ಹೋದಳು. ಅವಳ ಹಾದಿ ನೇರವಿತ್ತು, ಹಕ್ಕು ಅವಳದಾಗಿತ್ತು. ಮಾಸ್ತರರ ಕಾಲು ಬ್ರೇಕಿನ ಮೇಲಿತ್ತು.

ಟೊಮೇಟೊ ಮಾತು ನಿಂತಿತು. "ಧನ್ಯವಾದ. ವಾಪಸ್ ಹೋಗೋಣ" ಎಂದರು ಪರೀಕ್ಷಕರು.

ಮನೆಗೆ ಬಂದು ಕೋಟು ಬಿಚ್ಚದೆ ಕುಳಿತೆ. ಹೆಂಡತಿ ಸಂಜೆ ಬಂದವಳು ನನ್ನ ಮುಖ ನೋಡಿ ನೇರ ಅಡಿಗೆಮನೆಗೆ ಹೋದಳು. ಚಹಾ ಮಾಡಿ ತಂದಿಟ್ಟಳು. ಆಮೇಲೆ ಮೆಲ್ಲಗೆ, "ಇನ್ನೊಮ್ಮೆ ಕೊಡಬಹುದಲ್ರೀ?" ಎಂದಳು.

"ಎರಡು ವಾರ ಬಿಟ್ಟು. ತಿಂಗಳು ಮುಗಿಯೂದರೊಳಗ ಒಂದ ಸಲ."

"ಹೆಂಗಾತು?"

"ಅದ ನನಗೂ ತಿಳೀವಲ್ದು. ಸಿಟ್ಟು ಬರವಲ್ದು ನೋಡು. ಹೆಂಗಾತು ಅಂತ ತಿಳ್ಕೋಬೇಕನಸ್ತದ."

ಮರುದಿನ ತಮ್ಮನ ಫೋನು. "ಅಣ್ಣಾ, ಈ ಸಲ ಪೂಜಿಗೆ ಯಾರು ಕೂಡೂದು? ಎಲ್ಲಾರೂ ಕೇಳಾಕತ್ಯಾರ."

"ತಿಂಗಳು ಮುಗೀಲಿ, ಹೇಳ್ತೀನಿ."

"ಬರೂದಾದ್ರ ಬಂದ್ಬಿಡು. ನಿನ್ನ ಖುರ್ಚ್ಯಾಗ ನಾ ಇನ್ನೂ ಕುಂತಿಲ್ಲ. ಬಾಜೂಕ ಸ್ಟೂಲ್ ಹಾಕ್ಕೊಂಡು ಕುಂತೀನಿ. ನಡು ನೋಯಾಕತ್ತೇತಿ."

ಯೇನಾದಲ್ಲಿ ನಮಗೆ ಒಬ್ಬನೇ ಒಬ್ಬ ಕನ್ನಡದ ಗೆಳೆಯನಿದ್ದ. ಬಿಜಾಪುರದ ಕಡೆಯವನು, ಯೂನಿವರ್ಸಿಟಿಯಲ್ಲಿ ಬೆಳಕಿನ ಬಗ್ಗೆ ಏನೋ ಸಂಶೋಧನೆ ಮಾಡುತ್ತಿದ್ದ. ರಂಜಾನ್ ಹಬ್ಬಕ್ಕೆ ಅವನು ನಮಗೆ ಸುರಕುಂಬಾ ಪಾಯಸ ತಂದರೆ ಸಂಕ್ರಾಂತಿಗೆ ನಾವು ಅವನಿಗೆ ಶೇಂಗಾ ಹೋಳಿಗೆ ಕಟ್ಟಿ ಕೊಡುತ್ತಿದ್ದೆವು. ಅವನು ಊರೆಲ್ಲ ಸೈಕಲ್ಲಿನ ಮೇಲೆಯೇ ತಿರುಗುತ್ತಿದ್ದ. ಆ ವಾರ ಮನೆಗೆ ಬಂದಾಗ ಕೇಳಿದೆ: "ನಿನ್ನ ಸೈಕಲ್ ಎರಡು ದಿನ ಕೊಡ್ತೀಯೇನು?"

"ಯಾಕ್ರೀ ಅಣ್ಣಾರ?"

"ಆ ಹೆಣ್ಣಮಗಳು ಎಲ್ಲಿಂದ ಬಂದಳು ನೋಡಬೇಕು."

ಅವನು ನಕ್ಕ. "ಲಾರಿ ಓನರ್ ಸೈಕಲ್ ಮ್ಯಾಲೆ! ಫೋಟೋ ತಗದು ಹುಬ್ಬಳ್ಳಿಗೆ ಕಳಸ್ತೀನಿ ತಡೀರಿ."

"ಕಳಸು. ಬ್ರೇಕ್ ಹಿಡೀತಾವೇನು ಮೊದಲ ಹೇಳು."

"ಹಿಂದಿಂದು ಹಿಡೀತೇತಿ. ಮುಂದಿಂದು ಅಲ್ಲಾನ ಮ್ಯಾಲೆ."

ಸೈಕಲ್ ಹತ್ತಿ ದಶಕಗಳಾಗಿದ್ದವು. ಮೊದಲ ದಿನ ಮೊಣಕಾಲು ಬಿದ್ದುಹೋಗುವಂತಾಯಿತು. ಎರಡನೆಯ ದಿನ ಸೇತುವೆಯ ಹತ್ತಿರದ ಅದೇ ಕೂಡುರಸ್ತೆಗೆ ಹೋದೆ. ಸೈಕಲ್ ಹಾದಿಯಲ್ಲಿ ನೇರ ಹೋಗುವುದು, ಆಚೆ ಹೋಗಿ ತಿರುಗಿ ಬರುವುದು, ಮತ್ತೆ ಹೋಗುವುದು. ಎಡಕ್ಕೆ ಕಾರುಗಳು ಬಂದು ನಿಲ್ಲುತ್ತಿದ್ದವು, ಬಲಕ್ಕೆ ತಿರುಗುವ ದೀಪ ಮಿಟುಕಿಸುತ್ತ. ಸೈಕಲ್ಲಿನ ಮೇಲಿನಿಂದ ನನಗೆ ಅವರ ಪೂರ್ತಿ ಮುಖ ಕಾಣುತ್ತಿರಲಿಲ್ಲ, ಕೆನ್ನೆ ಕಿವಿ ಮಾತ್ರ. ಆಮೇಲೆ ಕತ್ತು ಹೊರಳುತ್ತಿತ್ತು, ಎರಡು ಕಣ್ಣು ನನ್ನ ಮೇಲೆ ಬೀಳುತ್ತಿದ್ದವು, ಕಾರು ತಡೆಯುತ್ತಿತ್ತು. ಒಬ್ಬರಾದ ಮೇಲೆ ಒಬ್ಬರು. ಮುದುಕಿ, ಟೈ ಕಟ್ಟಿದವನು, ಫೋನಿನಲ್ಲಿ ಮಾತಾಡುತ್ತಿದ್ದವಳೂ ಸಹ. ಇವರು ಒಬ್ಬರಿಗೊಬ್ಬರು ಏನನ್ನೂ ಹೇಳುವುದಿಲ್ಲ ಎಂದುಕೊಂಡಿದ್ದೆನಲ್ಲ, ಹಾಗಲ್ಲ. ಆ ಕುತ್ತಿಗೆಯ ಹೊರಳೇ ಮಾತು. ಬೆಂಚಿನಿಂದ ಅದು ಕಾಣುವುದಿಲ್ಲ, ಸೈಕಲ್ಲಿನಿಂದ ಮಾತ್ರ ಕಾಣುತ್ತದೆ.

ಸಂಜೆಯಾಗುತ್ತ ಬಂದಿತ್ತು. ಒಂದು ಬಿಳಿ ವ್ಯಾನು ಬಂತು. ಒಳಗೆ ಇಬ್ಬರು, ಏನೋ ಸಾಮಾನು ಸಾಗಿಸುವವರು. ನಾನು ನೇರ ಹೊರಟೆ. ಡ್ರೈವರನ ಕೆನ್ನೆ ಹಾಗೆಯೇ ಇತ್ತು. ವ್ಯಾನು ತಿರುಗಿತು. ಹಿಂದಿನ ಬ್ರೇಕ್ ಒತ್ತಿ ಕಾಲು ನೆಲಕ್ಕೆ ಕೊಟ್ಟೆ. ವ್ಯಾನಿನ ಮೈ ನನ್ನ ಮೊಣಕೈ ಸವರುವಂತೆ ಹೋಯಿತು. ಹೋಗುವಾಗ ಕಂಡದ್ದು ಡ್ರೈವರನ ಪಕ್ಕದಲ್ಲಿ ಕುಳಿತಿದ್ದವನ ಮುಖ. ಅವನು ನನ್ನನ್ನು ನೋಡಿದ್ದ. ಬಾಯಿ ತೆರೆದಿತ್ತು, ಹೇಳುವಷ್ಟು ಹೊತ್ತಿರಲಿಲ್ಲ.

ನಾನು ಸೈಕಲ್ ಹಿಡಿದುಕೊಂಡು ಅಲ್ಲೇ ನಿಂತೆ. ಒಳಗೊಂದು ಬೀಗ ತೆರೆದ ಹಾಗಾಯಿತು. ಡ್ರೈವರನ ಪಕ್ಕದಲ್ಲಿ ಒಬ್ಬ ಮನುಷ್ಯ ಕುಳಿತಿದ್ದಾನೆ. ಆ ಬದಿ ಅವನದು.

ಲಾರಿ ಕಂಡವರಿಗೆ ಇದು ಗೊತ್ತು. ನಮ್ಮ ಲಾರಿಯಲ್ಲಿ ಡ್ರೈವರ್ ಬಲಕ್ಕೆ, ಕ್ಲೀನರ್ ಎಡಕ್ಕೆ. ಎಡಬದಿಯನ್ನು ಡ್ರೈವರ್ ನೋಡುವುದೇ ಇಲ್ಲ. ಆ ಬದಿಯ ಸೈಕಲ್ಲು, ಎಮ್ಮೆ, ಗಟಾರು, ಮಂದಿ ಎಲ್ಲ ಕ್ಲೀನರನ ಲೆಕ್ಕ. ಅವನು ಬಾಗಿಲಿನ ತಗಡಿಗೆ ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೋಗು. ನನ್ನ ಕ್ಲೀನರ್ ನನಗಿಂತ ಹಿರಿಯ, ನಾನು ಅವನನ್ನು ಕಾಕಾ ಎನ್ನುತ್ತಿದ್ದೆ. ಓನರ್ ಆದ ಮೇಲೂ ಹೊಸ ಗಾಡಿಯ ಮೊದಲ ಟ್ರಿಪ್ಪು ನಾನೇ ಹೊಡೆಯುತ್ತಿದ್ದೆ, ಕಾಕಾನೇ ಪಕ್ಕದಲ್ಲಿರುತ್ತಿದ್ದ. ಅವನ ಎರಡು ಬಡಿತ ಕೇಳಿದರೆ ಕಣ್ಣು ಮುಚ್ಚಿಕೊಂಡು ಎಡಕ್ಕೆ ಎಳೆಯುತ್ತಿದ್ದೆ. ಒಮ್ಮೆಯೂ ಅವನ ಬಡಿತ ತಪ್ಪಲಿಲ್ಲ. ಇಲ್ಲಿ ಎಲ್ಲವೂ ತಿರುಗುಮುರುಗು, ನಾನು ಎಡಕ್ಕೆ, ಪಕ್ಕದವನು ಬಲಕ್ಕೆ. ಬಲಗಡೆ ಮಾಸ್ತರರು ಕುಳಿತೊಡನೆ ನನ್ನ ಮೈ ಆ ಬದಿಯನ್ನು ಅವರಿಗೆ ಒಪ್ಪಿಸಿಬಿಡುತ್ತಿತ್ತು, ನನ್ನನ್ನು ಕೇಳದೆಯೇ. ನಾನು ಮರೆಯುತ್ತಿರಲಿಲ್ಲ, ನಿಲ್ಲು ಎನ್ನುವ ಬಡಿತಕ್ಕೆ ಕಾಯುತ್ತಿದ್ದೆ. ಅವರು ಬಡಿಯದೆ ಸುಮ್ಮನಿದ್ದರೆ ಬದಿ ಖಾಲಿ ಇದೆ ಎಂದುಕೊಳ್ಳುತ್ತಿದ್ದೆ.

ಮುಂದಿನ ಪಾಠದ ದಿನ ಇದನ್ನು ಮಾಸ್ತರರಿಗೆ ಹೇಳಬೇಕಿತ್ತು. ಕ್ಲೀನರ್ ಎಂಬುದಕ್ಕೆ ಜರ್ಮನ್‌ನಲ್ಲಿ ಪದ ಸಿಗಲಿಲ್ಲ. ಅವರನ್ನು ತೋರಿಸಿದೆ, ಬಾಗಿಲಿನ ಮೇಲೆ ಎರಡು ಸಲ ಬಡಿದೆ, ಸ್ಟೇರಿಂಗ್ ತಿರುವಿದಂತೆ ಮಾಡಿದೆ. ಒಂದು ಸಲ ಬಡಿದು ಬ್ರೇಕ್ ಒತ್ತಿದೆ. ಅವರೂ ತಮ್ಮ ಬಾಗಿಲಿಗೆ ಒಂದು ಸಲ ಬಡಿದು ನೋಡಿದರು. ಆಮೇಲೆ ಕನ್ನಡಕ ತೆಗೆದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಅಂದರೆ ಇಷ್ಟು ದಿನ ನಾನು ನಿಮ್ಮ ಹತ್ತಿರ ಕೆಲಸಕ್ಕಿದ್ದೆ!"

"ಹೌದು."

"ಮತ್ತೆ ನಾನು ಕೆಲಸ ಸರಿಯಾಗಿ ಮಾಡಿಲ್ಲ."

"ಮಾಡಿಲ್ಲ" ಎಂದೆ. ಇಬ್ಬರೂ ನಕ್ಕೆವು.

ಅವರು ಹಿಂದಿನ ಸೀಟಿನಲ್ಲಿದ್ದ ಸುದ್ದಿಪತ್ರಿಕೆಯನ್ನು ತೆಗೆದು ಪೂರ್ತಿ ಬಿಡಿಸಿ ಮುಖದ ಮುಂದೆ ಹಿಡಿದುಕೊಂಡರು. "ನಾನು ಇಲ್ಲ. ಈ ಸೀಟಿನಲ್ಲಿ ಯಾರೂ ಇಲ್ಲ. ಹೊರಡಿ" ಎಂದು ಪತ್ರಿಕೆಯ ಹಿಂದಿನಿಂದ ಹೇಳಿದರು. ಅವರ ಒಂದು ಕಣ್ಣು ಅಂಚಿನಿಂದ ರಸ್ತೆ ನೋಡುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಾಲೂ ಬ್ರೇಕಿನ ಮೇಲೆಯೇ ಇದ್ದಿರಬೇಕು. ಆದರೆ ನನಗೆ ಆ ಕಡೆ ಮನುಷ್ಯ ಕಾಣುತ್ತಿರಲಿಲ್ಲ, ಕಾಗದ ಕಾಣುತ್ತಿತ್ತು. ಮೊದಲ ಬಾರಿಗೆ ಆ ಬದಿ ಬರಿದು ಎನಿಸಿತು. ಬರಿದಾದ ಮೇಲೆ ನೋಡದೆ ಇರುವುದು ಹೇಗೆ? ಕುತ್ತಿಗೆ ತಾನಾಗಿ ಹೊರಳಿತು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ನಮ್ಮನ್ನು ನೋಡಿ ಏನೆಂದುಕೊಂಡರೋ.

ಎರಡನೆಯ ಪರೀಕ್ಷೆಗೂ ಅದೇ ಪರೀಕ್ಷಕರು ಬಂದರು. ಈ ಸಲ ಅವರು ಹರಟಲಿಲ್ಲ. ಸೇತುವೆಯ ಹತ್ತಿರ ಕರೆದೊಯ್ದರು, ಬೇಕೆಂದೇ ಇರಬೇಕು. ಬಲಕ್ಕೆ ಎಂದರು. ತಿರುಗಿ ನೋಡಿದೆ. ದೂರದಲ್ಲಿ ಶಾಲೆಯ ಚೀಲ ಹೊತ್ತ ಮಕ್ಕಳು ಸಾಲಾಗಿ ಸೈಕಲ್ಲಿನಲ್ಲಿ ಬರುತ್ತಿದ್ದರು, ಒಬ್ಬರ ಹಿಂದೆ ಒಬ್ಬರು, ಅವಸರವಿಲ್ಲದೆ. ನಿಂತೆ. ಅವರ ಸಾಲು ಮುಗಿಯಲೇ ಇಲ್ಲ. ದೀಪ ಮತ್ತೆ ಕೆಂಪಾಯಿತು. ಹಿಂದಿನ ಕಾರಿನವನೂ ಸುಮ್ಮನಿದ್ದ. ಮತ್ತೆ ಹಸಿರಾದಾಗ ಮತ್ತೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ, ಹೊರಟೆ. ನಾನು ಘಾಟು ಇಳಿಸಿದವನು, ಮುಂಬಯಿಯ ಗಲ್ಲಿಗಳಲ್ಲಿ ಲಾರಿ ತೂರಿಸಿದವನು. ಆದರೆ ಅಷ್ಟು ಎಚ್ಚರದಿಂದ ಒಂದು ತಿರುವನ್ನು ತೆಗೆದುಕೊಂಡದ್ದು ಅದೇ ಮೊದಲು.

ಪರೀಕ್ಷಕರು ಅಲ್ಲೇ ಕಾರಿನಲ್ಲೇ ಲೈಸೆನ್ಸ್ ಕೈಗಿಟ್ಟರು. ಮಾಸ್ತರರು ನನ್ನ ಕೈ ಕುಲುಕಿ, "ಈಗ ನನ್ನನ್ನು ಮನೆಗೆ ಬಿಡಿ" ಎಂದರು. ದಾರಿಯಲ್ಲಿ ನೋಡಿದರೆ ತಲೆ ಕಿಟಕಿಗೆ ಒರಗಿಸಿ ನಿದ್ದೆ ಹೋಗಿದ್ದರು.

ಆ ಸಂಜೆ ಹೆಂಡತಿ ಲೈಸೆನ್ಸನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಈಗ ಏನ್ ಮಾಡ್ತೀರಿ?" ಎಂದಳು. ಅವಳು ಯಾಕೆ ಕೇಳಿದಳೆಂದು ತಿಳಿಯಿತು. ಫೇಲಾಗಿದ್ದರೆ ಪ್ರಶ್ನೆಯೇ ಇರಲಿಲ್ಲ, ಹುಬ್ಬಳ್ಳಿಗೆ ಹೋಗುವುದಿತ್ತು. ಪಾಸಾದ ಮೇಲೆ ನಾನೇ ಆರಿಸಬೇಕು. ಅಲ್ಲಿ ಖುರ್ಚಿ, ಒಂಬತ್ತು ಲಾರಿ, ನಮಸ್ಕಾರ ಮಾಡುವ ಮಂದಿ. ಇಲ್ಲಿ ಚಿಕ್ಕ ಕಾರು, ಬಿಸಿ ಡಬ್ಬಿ, ನನ್ನ ಹೆಸರನ್ನು ಸರಿಯಾಗಿ ಹೇಳಲೂ ಬಾರದ ಮುದುಕರು. ಅಲ್ಲಿ ನಾಳೆ ಬೆಳಿಗ್ಗೆ ಫೋನಿನಲ್ಲಿ ಯಾರು ಏನು ಹೇಳುತ್ತಾರೆಂದು ಇಲ್ಲಿಂದಲೇ ಹೇಳಬಲ್ಲೆ. ಇಲ್ಲಿ ಮೂವತ್ತು ಬಾಗಿಲುಗಳ ಹಿಂದೆ ಯಾರಿದ್ದಾರೆ, ಒಂದರ ಸುಳಿವೂ ನನಗಿಲ್ಲ.

ತಮ್ಮನಿಗೆ ಫೋನು ಹಚ್ಚಿದೆ. "ಪೂಜಿಗೆ ನೀ ಕೂಡು."

ಅವನು ಕೇಳಿದ: "ಈ ವರ್ಷಕ್ಕಷ್ಟ ಏನು?"

"ಇನ್ನ ಮ್ಯಾಲೆ. ಸ್ಟೂಲ್ ತಗದು ಹೊರಗ ಒಗಿ. ಖುರ್ಚ್ಯಾಗ ಕೂಡು."

"ಮತ್ತ ನೀ ಅಲ್ಲೆ ಏನ್ ಹೊಡೀತಿ? ಲಾರೀನೋ ಬಸ್ಸೋ?"

"ಸಣ್ಣ ಕಾರು. ವಯಸ್ಸಾದವರಿಗೆ ಊಟ ಒಯ್ಯೂದು."

ಅದನ್ನು ಅವನು ಮತ್ತೊಮ್ಮೆ ಹೇಳಿಸಿಕೊಂಡ. ಆಮೇಲೆ, "ಅಣ್ಣಾ... ಮಂದೀಗೆ ಏನಂತ ಹೇಳ್ಲಿ?"

"ಇದನ್ನ ಹೇಳು."

"ನಗ್ತಾರೋ."

"ನಗಲಿ. ನೀ ನಕ್ಕೀಯೇನು?"

"ಇಲ್ಲ" ಎಂದ. ಲಕ್ಷ್ಮಿಗೆ ಯಾವ ಹೂವು ತರಿಸಬೇಕು, ಯಾವ ಡ್ರೈವರನಿಗೆ ಹೊಸ ಬಟ್ಟೆ ಕೊಡುವುದು ಮರೆಯಬಾರದು ಎಂದು ಹೇಳುತ್ತ ಹೋದೆ. ಅವನು ಹೂಂ, ಹೂಂ ಎನ್ನುತ್ತಿದ್ದ. ನಡುವೆ ಒಮ್ಮೆ, "ಅಣ್ಣಾ, ಅದು ನನಗ ಗೊತ್ತೈತಿ" ಎಂದ. ಅಲ್ಲಿಗೆ ನಿಲ್ಲಿಸಿದೆ.

ಕೆಲಸದ ಮೊದಲ ದಿನ ಅಡಿಗೆಮನೆಯಿಂದ ಡಬ್ಬಿಗಳನ್ನು ಎಣಿಸಿ ಕಾರಿಗೆ ತುಂಬಿಸಿಕೊಂಡೆ. ಕಾರಿನ ತುಂಬ ಕೋಸಿನ ವಾಸನೆ. ಮೊದಲ ಮನೆ ನದಿಯಾಚೆಯ ಹಳೆಯ ಕಟ್ಟಡದಲ್ಲಿತ್ತು. ಗಂಟೆ ಒತ್ತಿ ಬಹಳ ಹೊತ್ತು ನಿಂತೆ. ಒಳಗೆ ಖುರ್ಚಿ ಎಳೆದ ಸದ್ದು, ಕೋಲಿನ ಸದ್ದು, ಒಂದೊಂದಾಗಿ ಎರಡು ಚಿಲಕ ತೆಗೆದ ಸದ್ದು. ಬಾಗಿಲು ತೆರೆದ ಮುದುಕರು ಆಗಲೇ ಕೊರಳಿಗೆ ಊಟದ ಬಟ್ಟೆ ಕಟ್ಟಿಕೊಂಡಿದ್ದರು. ನನ್ನ ಮೀಸೆಯಿಂದ ಬೂಟಿನವರೆಗೆ ನೋಡಿದರು.

"ಹೊಸಬರಾ?" ಎಂದರು.

ಇಷ್ಟು ವರ್ಷಗಳಲ್ಲಿ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. "ಹೌದು, ಹೊಸಬ" ಎಂದೆ.

ಅವರು ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಬಿಸಿ ಇದೆಯೇ ಎಂದು ಬೆರಳಿನಿಂದ ನೋಡಿ, ತಲೆಯಾಡಿಸಿ, "ನಾಳೆ ಮೀನು ಬೇಡ ಎಂದು ಅಡಿಗೆಮನೆಯವರಿಗೆ ಹೇಳಿ" ಎಂದರು. ಹೇಳುತ್ತೇನೆ ಎಂದೆ. ಯಾಕೆ ಬೇಡ ಎಂದು ಕೇಳುವ ಮನಸ್ಸಾಯಿತು, ಆದರೆ ಮೇಲಿನ ಮಹಡಿಗೆ ಒಯ್ಯಬೇಕಾದ ಇನ್ನೊಂದು ಊಟ ಕೈಯಲ್ಲಿ ಆರುತ್ತಿತ್ತು. ಮೆಟ್ಟಿಲು ಹತ್ತಿದೆ.